ಓಡುವ ವಾಹನದೊಳಗೆ ಮಾತು ಎಷ್ಟು ತಿಳಿಯುತ್ತದೆ ಎಂಬುದನ್ನೂ ಅಳೆಯಿರಿ: ವಾಹನ ಮಾನದಂಡ ರೂಪಿಸುವವರಿಗೆ ಬಹಿರಂಗ ಪತ್ರ

ವಾಹನ ಮಾನದಂಡ ಸಮಿತಿಗಳ ಸದಸ್ಯರಿಗೆ, ವಾಹನ ತಯಾರಿಸುವ ಸಂಸ್ಥೆಗಳ ಧ್ವನಿ ಎಂಜಿನಿಯರುಗಳಿಗೆ, ಬಸ್ಸು ಹಾಗೂ ರೈಲುಗಳನ್ನು ನಡೆಸುವವರಿಗೆ,

ಮಾನ್ಯರೇ,

ವಾಹನದೊಳಗಿನ ಗದ್ದಲವನ್ನು ಅಳೆಯುವ ವಿದ್ಯೆ ಹೊಸದೇನಲ್ಲ. ಮೋಟಾರು ವಾಹನಗಳ ಒಳಗಿನ ಶಬ್ದವನ್ನು ಹೇಗೆ ಅಳೆಯಬೇಕೆಂದು ಹೇಳುವ, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 5128 ಮಾನದಂಡ 1980ರಲ್ಲೇ ಹೊರಬಂದಿತು. ರೈಲುಗಳ ಒಳಗಿನ ಶಬ್ದಕ್ಕೆ ಐಎಸ್‌ಒ 3381 ಇದೆ. ಇಂಥ ಮಾನದಂಡಗಳನ್ನು ಅನುಸರಿಸಿ ಅಳೆದ ಮೇಲೆ ಕೊನೆಗೆ ಕೈಗೆ ಬರುವುದು ಎ-ತೂಕದ ಡೆಸಿಬೆಲ್ (ಕಿವಿಯ ಸಂವೇದನೆಗೆ ಹೊಂದಿಸಿ ಲೆಕ್ಕ ಹಾಕಿದ ಶಬ್ದಮಟ್ಟ) ಎಂಬ ಒಂದು ಸಂಖ್ಯೆ. ವಾಹನ ಎಷ್ಟು ಸದ್ದು ಮಾಡುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಆ ಸದ್ದಿನ ನಡುವೆ ಹಿಂದಿನ ಸೀಟಿನಲ್ಲಿರುವ ಮಗುವಿಗೆ ಮುಂದೆ ಕುಳಿತ ತಾಯಿಯ ಮಾತು ತಿಳಿಯುತ್ತದೆಯೇ, ಬಸ್ಸಿನ ಕೊನೆಯ ಸಾಲಿನಲ್ಲಿರುವ ವೃದ್ಧರಿಗೆ ಮುಂದಿನ ನಿಲ್ದಾಣದ ಹೆಸರು ಕೇಳುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಧ್ವನಿ ಅಳೆಯುವ ಕೆಲಸದಲ್ಲಿ ತೊಡಗಿರುವ ನಾನು ಈ ಪತ್ರದಲ್ಲಿ ಕೇಳುತ್ತಿರುವುದು ಒಂದೇ: ಚಲಿಸುತ್ತಿರುವ ವಾಹನದಲ್ಲಿ, ಪ್ರತಿ ಸೀಟಿನಲ್ಲಿ, ಮಾತಿನ ಸ್ಪಷ್ಟತೆಯನ್ನೇ ನೇರವಾಗಿ ಅಳೆಯಬೇಕು ಮತ್ತು ಆ ಫಲಿತಾಂಶವನ್ನು ಜನರ ಮುಂದಿಡಬೇಕು.

ಗದ್ದಲದ ಅಂಕವೇ ಸಾಲದೇ ಎಂದು ಕೇಳುವವರು ಎರಡು ವಾಹನಗಳನ್ನು ಊಹಿಸಿಕೊಳ್ಳಲಿ. ಒಂದರಲ್ಲಿ ಎಂಜಿನ್ ಮತ್ತು ರಸ್ತೆಯ ಗುಡುಗು ಮಾತ್ರ ಇದೆ. 125 ಹರ್ಟ್ಸ್ ಸುತ್ತಲಿನ ಆಕ್ಟೇವ್ ಪಟ್ಟಿಯಲ್ಲಿ (ಮೇಲ್ತುದಿಯ ಕಂಪನಾಂಕ ಕೆಳತುದಿಯದರ ಎರಡರಷ್ಟಿರುವ ವಲಯದಲ್ಲಿ) 82 ಡೆಸಿಬೆಲ್. ಇನ್ನೊಂದರಲ್ಲಿ ಬಾಗಿಲಿನ ಸಂದಿಯಿಂದ ನುಗ್ಗುವ ಗಾಳಿಯ ಸುಯ್ಲು ಮಾತ್ರ ಇದೆ. 2000 ಹರ್ಟ್ಸ್ ಸುತ್ತಲಿನ ಪಟ್ಟಿಯಲ್ಲಿ 65 ಡೆಸಿಬೆಲ್. ಎ-ತೂಕವು ಕೆಳಗಿನ ಕಂಪನಾಂಕಗಳಿಂದ ಬಹಳಷ್ಟನ್ನು ಕಳೆದು ಲೆಕ್ಕ ಹಾಕುವುದರಿಂದ ಎರಡರ ಅಂಕವೂ ಸುಮಾರು 66 ಡೆಸಿಬೆಲ್ ಎಂದೇ ಬರುತ್ತದೆ. ಆದರೆ ಮಾತಿನ ಮಟ್ಟಿಗೆ ಇವು ಒಂದೇ ಅಲ್ಲ. ಸ್ವರಗಳ ಶಕ್ತಿ ಹೆಚ್ಚಾಗಿ ಕೆಳಗಿನ ಕಂಪನಾಂಕಗಳಲ್ಲಿರುತ್ತದೆ. ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವ ವ್ಯಂಜನಗಳ ಸುಳಿವುಗಳು, ಅದರಲ್ಲೂ ಸ, ಶ, ತ, ಟ, ಕ ಮುಂತಾದವುಗಳ ಸುಳಿವುಗಳು, ಬಹುಪಾಲು 1500 ಹರ್ಟ್ಸ್‌ನಿಂದ ಮೇಲಿರುತ್ತವೆ ಮತ್ತು ಅವುಗಳ ಶಕ್ತಿ ತೀರಾ ಕಡಿಮೆ. ಮೊದಲ ವಾಹನದಲ್ಲಿ ಈ ಸುಳಿವುಗಳು ಬಹುಮಟ್ಟಿಗೆ ಉಳಿಯುತ್ತವೆ, ಎರಡನೆಯದರಲ್ಲಿ ಮುಳುಗುತ್ತವೆ. ನಿಜವಾದ ವಾಹನಗಳು ಈ ಎರಡು ತುದಿಗಳ ನಡುವೆ ಎಲ್ಲೋ ಇರುತ್ತವೆ. ಎಲ್ಲಿ ಎಂಬುದು ಪ್ರಯಾಣಿಕರಿಗೆ ಮುಖ್ಯ, ಆದರೆ ಆ ಒಂದು ಅಂಕದಲ್ಲಿ ಅದು ಕಾಣುವುದಿಲ್ಲ.

ವೇಗ ಹೆಚ್ಚಿದಂತೆ ಈ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ನಾಲ್ಕು ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರ ಮುಖ್ಯ ಸದ್ದು 100 ಹರ್ಟ್ಸ್‌ನಲ್ಲಿರುತ್ತದೆ. ಮಾತಿಗೆ ಅದರಿಂದಾಗುವ ತೊಂದರೆ ಅಷ್ಟಕ್ಕಷ್ಟೇ. ಟೈರಿನ ಸದ್ದು 1000 ಹರ್ಟ್ಸ್ ಆಸುಪಾಸಿನಲ್ಲಿ ಬಲವಾಗಿರುತ್ತದೆ ಮತ್ತು ವೇಗ ಎರಡರಷ್ಟಾದಾಗ ಸುಮಾರು 9ರಿಂದ 12 ಡೆಸಿಬೆಲ್ ಏರುತ್ತದೆ. ಗಾಳಿಯ ಸದ್ದು ವೇಗದ ಆರನೇ ಘಾತಕ್ಕೆ ಹತ್ತಿರವಾಗಿ ಬೆಳೆಯುವುದರಿಂದ ವೇಗ ಎರಡರಷ್ಟಾದಾಗ ಅದರ ಏರಿಕೆ 18 ಡೆಸಿಬೆಲ್ ಸಮೀಪಿಸುತ್ತದೆ, ಮೇಲಾಗಿ ಅದು ವ್ಯಂಜನಗಳ ವಲಯದವರೆಗೂ ಹರಡಿರುತ್ತದೆ. ವಿದ್ಯುತ್ ವಾಹನಗಳಲ್ಲಿ ಎಂಜಿನ್ ಇಲ್ಲದಿರುವುದರಿಂದ ಮಾತು ಸುಲಭವಾಗಿ ಕೇಳುತ್ತದೆ ಎಂಬ ನಂಬಿಕೆ ನಿಧಾನವಾಗಿ ಚಲಿಸುವಾಗ ನಿಜವೇ ಇರಬಹುದು. ಹೆದ್ದಾರಿಯ ವೇಗದಲ್ಲಿ ಗಾಳಿ ಮತ್ತು ಟೈರುಗಳದೇ ಮೇಲುಗೈ, ಮತ್ತು ಅವು ಎಂಜಿನ್ ಯಾವುದೆಂದು ನೋಡುವುದಿಲ್ಲ. ನಿಧಾನ ಸಂಚಾರದಲ್ಲಿ ಎಲ್ಲರೂ ಮರೆಯುವ ಒಂದು ಮೂಲ ಹವಾನಿಯಂತ್ರಣದ ಫ್ಯಾನ್. ನಿಂತ ವಾಹನದಲ್ಲೂ ಅದರ ಸದ್ದು ಎಡೆಬಿಡದೆ ಬರುತ್ತಿರುತ್ತದೆ. ಫ್ಯಾನ್ ಆರಿಸಿ ಮಾಡಿದ ಪರೀಕ್ಷೆ ಸೆಖೆಯಲ್ಲಿ ಪ್ರಯಾಣಿಸುವವರ ಅನುಭವವನ್ನು ಹೇಳಲಾರದು.

ಮಾತಿನ ಸ್ಪಷ್ಟತೆಯನ್ನು ಅಂಕಿಯಲ್ಲಿ ಹೇಳುವ ಸಾಧನಗಳು ಇಲ್ಲವೆಂದೇನೂ ಅಲ್ಲ. ದೂರವಾಣಿ ಮಾರ್ಗಗಳಿಗಾಗಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಡೆದ ದೀರ್ಘ ಕೆಲಸದ ಫಲವಾಗಿ ಫ್ರೆಂಚ್ ಮತ್ತು ಸ್ಟೈನ್‌ಬರ್ಗ್ ಎಂಬ ಸಂಶೋಧಕರು 1947ರಲ್ಲಿ ಪ್ರಕಟಿಸಿದ ಲೆಕ್ಕಾಚಾರವೇ ಆರ್ಟಿಕ್ಯುಲೇಷನ್ ಇಂಡೆಕ್ಸ್ ಎಂಬ ಮಾತಿನ ಸ್ಪಷ್ಟತೆಯ ಸೂಚ್ಯಂಕದ ಬುನಾದಿ. ಅದರ ತಿರುಳು ಸರಳವಾದುದು. ಮಾತಿನ ಏರಿಳಿತವು ಪ್ರತಿ ಪಟ್ಟಿಯಲ್ಲಿ ಸುಮಾರು 30 ಡೆಸಿಬೆಲ್ ಹರವಿನಲ್ಲಿರುತ್ತದೆ. ಆ ಹರವಿನಲ್ಲಿ ಎಷ್ಟು ಭಾಗ ಗದ್ದಲದ ಮೇಲೆ ಎದ್ದು ಕಾಣುತ್ತದೆ ಎಂದು ನೋಡಿ, ಪಟ್ಟಿಯ ಮಹತ್ವಕ್ಕೆ ತಕ್ಕ ತೂಕ ಕೊಟ್ಟು ಕೂಡಿಸಬೇಕು. 200 ಹರ್ಟ್ಸ್‌ಗೆ ಅತಿ ಕಡಿಮೆ ತೂಕ, 2000 ಹರ್ಟ್ಸ್ ಸುತ್ತಮುತ್ತ ಅತಿ ಹೆಚ್ಚು. 1969ರಲ್ಲಿ ಇದು ಅಮೆರಿಕದ ಮಾನದಂಡವಾಯಿತು. 1997ರ ಪರಿಷ್ಕರಣೆಯಲ್ಲಿ ಸ್ಪೀಚ್ ಇಂಟೆಲಿಜಿಬಿಲಿಟಿ ಇಂಡೆಕ್ಸ್ ಎಂಬ ಹೆಸರು ಪಡೆಯಿತು. ವಾಹನ ಉದ್ಯಮದ ಪ್ರಯೋಗಾಲಯಗಳಲ್ಲಿ ಆರ್ಟಿಕ್ಯುಲೇಷನ್ ಇಂಡೆಕ್ಸನ್ನು ಶೇಕಡಾವಾರು ಅಂಕವಾಗಿ ಬಳಸುವುದು ಇಂದಿಗೂ ರೂಢಿಯಲ್ಲಿದೆ.

ಈ ರೂಢಿಯ ಬಗ್ಗೆಯೇ ನನ್ನ ಮುಖ್ಯ ಆಕ್ಷೇಪ. ಉದ್ಯಮ ಬಳಸುವ ರೂಪದಲ್ಲಿ ಮಾತನ್ನು ಅಳೆಯುವುದೇ ಇಲ್ಲ. ಗದ್ದಲವನ್ನು ಮಾತ್ರ ಅಳೆದು, ಮಾತಿನ ಮಟ್ಟ ಇಷ್ಟಿರುತ್ತದೆ ಎಂದು ಮೊದಲೇ ನಿಗದಿಪಡಿಸಿದ ಒಂದು ರೇಖೆಯೊಂದಿಗೆ ಹೋಲಿಸಲಾಗುತ್ತದೆ. ಹಾಗಾಗಿ ಆ ಅಂಕವು ಗದ್ದಲದ ಇನ್ನೊಂದು ಅಂಕವೇ ಹೊರತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಮಾತು ಹೇಗೆ ತಲುಪಿತು ಎಂಬುದರ ಅಳತೆಯಲ್ಲ. ಎ-ತೂಕದ ಡೆಸಿಬೆಲ್‌ಗಿಂತ ಅದು ಖಂಡಿತ ಉತ್ತಮ. ಎರಡು ವಿನ್ಯಾಸಗಳಲ್ಲಿ ಯಾವುದು ವ್ಯಂಜನಗಳ ವಲಯವನ್ನು ಶಾಂತವಾಗಿಟ್ಟಿದೆ ಎಂದು ಎಂಜಿನಿಯರಿಗೆ ತಿಳಿಸಿಕೊಡುತ್ತದೆ. ಆದರೆ ವಾಹನದೊಳಗಿನ ಸಂಭಾಷಣೆಯಲ್ಲಿ ಕೆಡುವುದು ಬಹಳ ಸಲ ಮಾತಿನ ದಾರಿಯೇ. ಚಾಲಕರು ಮುಂದೆ ನೋಡುತ್ತಾ ಮಾತನಾಡುತ್ತಾರೆ. ಬಾಯಿಂದ ಹೊರಟ ಧ್ವನಿಯ ಕೆಳಗಿನ ಕಂಪನಾಂಕಗಳು ತಲೆಯನ್ನು ಬಳಸಿ ಹಿಂದಕ್ಕೆ ಬರುತ್ತವೆ. ಮೇಲಿನ ಕಂಪನಾಂಕಗಳು ಮುಂದಕ್ಕೇ ಹೋಗುತ್ತವೆ. 4000 ಹರ್ಟ್ಸ್ ಸುತ್ತ ತಲೆಯ ಹಿಂಬದಿಯಲ್ಲಿ ಮುಂಬದಿಗಿಂತ 10 ಡೆಸಿಬೆಲ್‌ಗೂ ಹೆಚ್ಚು ಕೊರತೆ ಇರುತ್ತದೆ. ಮುಂಗಾಜಿನಿಂದ ಒಂದಷ್ಟು ಮರಳಿ ಬರುತ್ತದೆ, ಸೀಟಿನ ಬೆನ್ನುಗಳು ಮತ್ತು ಮೆತ್ತೆಗಳು ಅದರಲ್ಲೂ ಪಾಲು ಹೀರಿಕೊಳ್ಳುತ್ತವೆ. ಕಾರಿನೊಳಗೆ ಪ್ರತಿಧ್ವನಿ ಬೇಗ ಅಡಗುವುದರಿಂದ ದೊಡ್ಡ ಸಭಾಂಗಣದಲ್ಲಿ ಕಾಣುವ ತೊಡಕು ಇಲ್ಲಿಲ್ಲ. ಹಿಂದಿನ ಸೀಟಿಗೆ ಬಂದು ಸೇರುವುದು ವ್ಯಂಜನಗಳನ್ನು ಕಳೆದುಕೊಂಡು ಮಂದವಾದ ಮಾತು, ಅದೂ ಹಿಂದಿನ ಚಕ್ರಗಳ ಸದ್ದಿನ ನಡುವೆ. ಗದ್ದಲವನ್ನಷ್ಟೇ ಅಳೆಯುವ ಯಾವ ಅಂಕವೂ ಈ ನಷ್ಟವನ್ನು ಹಿಡಿಯಲಾರದು.

ಹಿಂದಿನವರಿಗೆ ಕೇಳಲಿಲ್ಲವೆಂದು ಚಾಲಕರು ತಲೆ ತಿರುಗಿಸಿ ಮತ್ತೆ ಹೇಳುತ್ತಾರೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿನಲ್ಲಿ ವಾಹನ 22 ಮೀಟರ್ ಸಾಗಿರುತ್ತದೆ. ಸ್ಪಷ್ಟತೆಯ ಪ್ರಶ್ನೆಯನ್ನು ಐಷಾರಾಮದ ಪಟ್ಟಿಯಲ್ಲಿ ಸೇರಿಸಿ ಪಕ್ಕಕ್ಕಿಡುವ ಸಮಿತಿಗಳು ಈ ಸಂಖ್ಯೆಯನ್ನು ಗಮನಿಸಬೇಕೆಂದು ಕೋರುತ್ತೇನೆ.

ಮಾತಿನ ಮಟ್ಟವನ್ನು ಮೊದಲೇ ನಿಗದಿಪಡಿಸುವುದರಲ್ಲಿ ಇನ್ನೊಂದು ತೊಡಕಿದೆ. ಗದ್ದಲ ಹೆಚ್ಚಾದಾಗ ಮನುಷ್ಯರು ತಮಗೆ ಅರಿವಿಲ್ಲದೆಯೇ ದನಿ ಏರಿಸುತ್ತಾರೆ. ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಇದನ್ನು ಪ್ರಕಟಿಸಿದ ಮೇಲೆ ಅವರ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. 1997ರ ಅಮೆರಿಕದ ಮಾನದಂಡದ ಪ್ರಕಾರ ಒಂದು ಮೀಟರ್ ದೂರದಲ್ಲಿ ಸಾಮಾನ್ಯ ಮಾತಿನ ಮಟ್ಟ ಸುಮಾರು 62 ಡೆಸಿಬೆಲ್, ಏರಿದ ದನಿಯದು 68, ಗಟ್ಟಿ ದನಿಯದು 75, ಕೂಗಿನದು 82. ಏರುವುದು ದನಿಯ ಮಟ್ಟ ಮಾತ್ರವಲ್ಲ, ಅದರ ಬಣ್ಣವೂ ಬದಲಾಗುತ್ತದೆ. ಮೇಲಿನ ಕಂಪನಾಂಕಗಳ ಪಾಲು ಹೆಚ್ಚುತ್ತದೆ, ಅಕ್ಷರಗಳು ಉದ್ದವಾಗುತ್ತವೆ. ಆದ್ದರಿಂದ ಮೌನವಾದ ಸ್ಟುಡಿಯೊದಲ್ಲಿ ಮೃದುವಾಗಿ ಓದಿಸಿ ದಾಖಲಿಸಿದ ವಾಕ್ಯಗಳನ್ನು ಗದ್ದಲದೊಂದಿಗೆ ಬೆರೆಸಿ ಪರೀಕ್ಷಿಸಿದರೆ ಓಡುವ ವಾಹನದಲ್ಲಿ ಜನ ನಿಜವಾಗಿ ಆಡುವ ಮಾತನ್ನು ಪರೀಕ್ಷಿಸಿದಂತಾಗುವುದಿಲ್ಲ. ಓದುವವರ ಕಿವಿಗೆ ಹೆಡ್‌ಫೋನಿನಲ್ಲಿ ಅದೇ ವಾಹನದ ಗದ್ದಲ ಕೇಳಿಸುತ್ತಾ ದಾಖಲಿಸಿದ ಮಾತನ್ನೂ ಪರೀಕ್ಷೆಯಲ್ಲಿ ಬಳಸಬೇಕು. ಜೊತೆಗೆ, ದನಿ ಏರಿಸಿದ್ದರಿಂದ ಮಾತು ತಿಳಿಯಿತು ಎಂಬ ಫಲಿತಾಂಶವನ್ನು ವಾಹನದ ಯಶಸ್ಸೆಂದು ಬರೆದುಕೊಳ್ಳಬಾರದು. ಗಂಟೆಗಟ್ಟಲೆ ಗಟ್ಟಿಯಾಗಿ ಮಾತನಾಡಿದ ಗಂಟಲು ಅದರ ಬೆಲೆ ತೆತ್ತಿರುತ್ತದೆ.

ಎಸ್‌ಟಿಐ (ಸ್ಪೀಚ್ ಟ್ರಾನ್ಸ್‌ಮಿಷನ್ ಇಂಡೆಕ್ಸ್) ಎಂದು ಕರೆಯುವ ಇನ್ನೊಂದು ಸಾಧನ ಮಾತಿನ ದಾರಿಯನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. 1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ಹೌಟ್ಗಾಸ್ಟ್ ಮತ್ತು ಸ್ಟೀನೆಕೆನ್ ರೂಪಿಸಿದ ಈ ವಿಧಾನ ಈಗ ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗದ ಐಇಸಿ 60268-16 ಮಾನದಂಡದಲ್ಲಿದೆ. 125ರಿಂದ 8000 ಹರ್ಟ್ಸ್‌ವರೆಗಿನ 7 ಆಕ್ಟೇವ್ ಪಟ್ಟಿಗಳಲ್ಲಿ, ಪ್ರತಿಯೊಂದರಲ್ಲೂ 14 ಬಗೆಯ ನಿಧಾನ ಏರಿಳಿತಗಳನ್ನು ಕಳಿಸಿ, ಕೇಳುವ ಜಾಗದಲ್ಲಿ ಆ ಏರಿಳಿತ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಫಲಿತಾಂಶ ಸೊನ್ನೆಯಿಂದ ಒಂದರವರೆಗೆ, 0.30ಕ್ಕಿಂತ ಕೆಳಗೆ ತೀರಾ ಕಳಪೆ, 0.45ರಿಂದ 0.60 ಪರವಾಗಿಲ್ಲ, 0.75ಕ್ಕಿಂತ ಮೇಲೆ ಉತ್ಕೃಷ್ಟ. ಐರೋಪ್ಯ ಒಕ್ಕೂಟದಲ್ಲಿ ಅಂಗವಿಕಲರ ಮತ್ತು ಚಲನೆಗೆ ಅಡಚಣೆ ಇರುವವರ ರೈಲು ಪ್ರಯಾಣಕ್ಕಾಗಿ 2014ರಲ್ಲಿ ಹೊರಡಿಸಿದ ತಾಂತ್ರಿಕ ನಿಯಮವು ಪ್ರಕಟಣೆಗಳ ಧ್ವನಿಗೆ ಕನಿಷ್ಠ 0.45 ಅಂಕವನ್ನು ಕಡ್ಡಾಯಗೊಳಿಸಿದೆ. ಸ್ಪಷ್ಟತೆಯನ್ನು ನಿಯಮದ ಭಾಷೆಯಲ್ಲಿ ಬರೆಯಲಾಗದು ಎಂಬ ವಾದಕ್ಕೆ ಇದೊಂದೇ ಸಾಕಷ್ಟು ಉತ್ತರ. ಪ್ರಯಾಣಿಕರನ್ನು ಹೊತ್ತೊಯ್ಯುವ ಇತರ ವಾಹನಗಳಿಗೂ ಅಂಥ ಒಂದು ಕನಿಷ್ಠ ಮಟ್ಟ ಬೇಕು. ನಿಂತ ವಾಹನದಲ್ಲಿ, ಖಾಲಿ ಸೀಟುಗಳ ನಡುವೆ ಅಳೆದ ಅಂಕ ಅದಕ್ಕೆ ಸಾಲದು. ಎಂಜಿನ್ ಹಿಂಬದಿಯಲ್ಲಿರುವ ಬಸ್ಸಿನ ಮೊದಲ ಸಾಲಿಗೂ ಕೊನೆಯ ಸಾಲಿಗೂ ಗದ್ದಲದಲ್ಲಿ ಅಜಗಜಾಂತರವಿರುತ್ತದೆ; ಸರಾಸರಿ ತೆಗೆದರೆ ಕೊನೆಯ ಸಾಲಿನವರ ಕಷ್ಟ ಮೊದಲ ಸಾಲಿನವರ ನೆಮ್ಮದಿಯಲ್ಲಿ ಕರಗಿಹೋಗುತ್ತದೆ. ಅತಿ ಕೆಟ್ಟ ಸೀಟಿನ ಅಂಕವನ್ನೇ ವಾಹನದ ಅಂಕವೆಂದು ಪ್ರಕಟಿಸಬೇಕು.

ಹಾಗೆಂದು ಎಸ್‌ಟಿಐ ಒಂದೇ ಸಾಕೆಂದು ನಾನು ಹೇಳುವುದಿಲ್ಲ. ಅದು ಒಂದು ಮೈಕಿನ ಅಳತೆ. ಮನುಷ್ಯರಿಗೆ ಎರಡು ಕಿವಿಗಳಿವೆ. ಕಿಟಕಿ ಪಕ್ಕದ ಕಿವಿಗೆ ಗಾಳಿಯ ಸದ್ದು ಹೆಚ್ಚು, ಒಳಬದಿಯ ಕಿವಿಗೆ ಕಡಿಮೆ. ಮಿದುಳು ಎರಡನ್ನೂ ಹೋಲಿಸಿ ಮಾತನ್ನು ಗದ್ದಲದಿಂದ ಬಿಡಿಸಿಕೊಳ್ಳುತ್ತದೆ. ಒಂದು ಕಿವಿ ಮಾತ್ರ ಕೇಳುವವರಿಗೆ ಈ ಅನುಕೂಲವಿಲ್ಲ. ಅವರು ಯಾವ ಬದಿಯ ಸೀಟಿನಲ್ಲಿ ಕುಳಿತರು ಎಂಬುದರ ಮೇಲೆ ಸಂಭಾಷಣೆಯ ಭವಿಷ್ಯ ನಿಂತಿರುತ್ತದೆ. ಲಾರಿ ದಾಟಿ ಹೋದಾಗ, ರಸ್ತೆಯ ಮೇಲ್ಮೈ ಬದಲಾದಾಗ ಗದ್ದಲ ಏರಿಳಿಯುವುದನ್ನೂ ಆ ಅಂಕ ಸರಿಯಾಗಿ ಹಿಡಿಯದು. ಗದ್ದಲ ತಗ್ಗಿಸುವ ಸಾಫ್ಟ್‌ವೇರ್ ನಡುವೆ ಇದ್ದರಂತೂ ಅಂಕವನ್ನು ನಂಬುವುದೇ ಕಷ್ಟ. ಒಂದೇ ಮೈಕನ್ನು ಆಧರಿಸಿ ಗದ್ದಲ ತಗ್ಗಿಸುವ ವಿಧಾನಗಳನ್ನು ಹು ಮತ್ತು ಲೊಯ್ಜೊ ಎಂಬ ಸಂಶೋಧಕರು 2007ರಲ್ಲಿ ಹೋಲಿಸಿ ನೋಡಿದಾಗ, ಬಹುತೇಕ ಎಲ್ಲ ಸನ್ನಿವೇಶಗಳಲ್ಲೂ ಪದಗಳ ಗ್ರಹಿಕೆ ಉತ್ತಮಗೊಳ್ಳಲಿಲ್ಲ. ಕಿವಿಗೆ ಹಿತವೆನಿಸುವುದಕ್ಕೂ ಮಾತು ತಿಳಿಯುವುದಕ್ಕೂ ವ್ಯತ್ಯಾಸವಿದೆ. ಫೋನ್ ಕರೆಯ ಗುಣಮಟ್ಟಕ್ಕೆ ಪಡೆದ ಅಂಕವನ್ನು ಸ್ಪಷ್ಟತೆಯ ಅಂಕವೆಂದು ತೋರಿಸುವ ಪ್ರಚಾರವನ್ನು ಮಾನದಂಡಗಳು ತಡೆಯಬೇಕು.

ಹೀಗಾಗಿ ಕೊನೆಗೆ ಜನರ ಮೇಲೆಯೇ ಪರೀಕ್ಷೆ ನಡೆಯಬೇಕು. ಇದಕ್ಕೂ ಪಳಗಿದ ವಿಧಾನವಿದೆ. ಪ್ಲಾಂಪ್ ಮತ್ತು ಮಿಂಪೆನ್ ಎಂಬ ಸಂಶೋಧಕರು 1979ರಲ್ಲಿ ಡಚ್ ವಾಕ್ಯಗಳಿಂದ ತೋರಿಸಿಕೊಟ್ಟಂತೆ, ಕೇಳುವವರು ಸರಿಯಾಗಿ ಹೇಳಿದಾಗ ಮಾತಿನ ಮಟ್ಟ ಇಳಿಸುತ್ತಾ, ತಪ್ಪಿದಾಗ ಏರಿಸುತ್ತಾ, ಅರ್ಧದಷ್ಟು ವಾಕ್ಯಗಳು ತಿಳಿಯುವ ಬಿಂದುವನ್ನು ಹುಡುಕುತ್ತಾರೆ. ಆ ಬಿಂದುವಿನ ಆಸುಪಾಸಿನಲ್ಲಿ ಮಾತು ಮತ್ತು ಗದ್ದಲದ ಅಂತರ ಒಂದು ಡೆಸಿಬೆಲ್ ಕುಗ್ಗಿದರೂ ತಿಳಿಯುವ ವಾಕ್ಯಗಳ ಪ್ರಮಾಣ ಶೇಕಡಾ 15ರಿಂದ 20ರಷ್ಟು ಕುಸಿಯುತ್ತದೆ. ಗದ್ದಲದ ಪಟ್ಟಿಯಲ್ಲಿ 2 ಡೆಸಿಬೆಲ್ ವ್ಯತ್ಯಾಸವನ್ನು ನಗಣ್ಯವೆಂದು ಬಿಡುವವರು ಈ ಕಡಿದಾದ ಇಳಿಜಾರನ್ನು ನೆನಪಿಡಬೇಕು.

ಈ ಪರೀಕ್ಷೆಯನ್ನು ಓಡುವ ವಾಹನದಲ್ಲೇ ನಡೆಸಿದರೆ ಪ್ರತಿಯೊಬ್ಬರಿಗೂ ಒಂದೇ ಬಗೆಯ ಗದ್ದಲ ಸಿಗುವುದಿಲ್ಲ, ಹೋಲಿಕೆ ಕೆಡುತ್ತದೆ. ಅದಕ್ಕಾಗಿ ಪ್ರಯೋಗಾಲಯಗಳು ಕೆಲಸವನ್ನು ಎರಡು ಭಾಗ ಮಾಡುತ್ತವೆ. ಕಿವಿಗಳ ಜಾಗದಲ್ಲಿ ಮೈಕುಗಳಿರುವ ಕೃತಕ ತಲೆಯನ್ನು ಸೀಟಿನಲ್ಲಿರಿಸಿ, ನಿಗದಿತ ವೇಗದಲ್ಲಿ ಓಡಿಸಿ, ಎರಡೂ ಕಿವಿಗಳ ಗದ್ದಲವನ್ನು ದಾಖಲಿಸಿಕೊಳ್ಳುತ್ತಾರೆ. ಬಳಿಕ ವಾಹನವನ್ನು ನಿಶ್ಶಬ್ದ ಜಾಗದಲ್ಲಿ ನಿಲ್ಲಿಸಿ, ಮಾತನಾಡುವವರ ಸೀಟಿನಲ್ಲಿ ಕೃತಕ ಬಾಯಿಯನ್ನು, ಅಂದರೆ ಬಾಯಿಯಂತೆ ಧ್ವನಿ ಹೊರಡಿಸುವ ಸ್ಪೀಕರನ್ನು, ಇಟ್ಟು, ಕೆಳಗಿನಿಂದ ಮೇಲಿನವರೆಗೆ ಏರುವ ಸ್ವರವನ್ನು ನುಡಿಸಿ, ಬಾಯಿಂದ ಪ್ರತಿ ಕಿವಿಗೆ ಧ್ವನಿಯ ದಾರಿ ಹೇಗಿದೆ ಎಂದು ಅಳೆಯುತ್ತಾರೆ. ಯಾವ ವಾಕ್ಯವನ್ನಾದರೂ ಆ ದಾರಿಯ ಮೂಲಕ ಲೆಕ್ಕದಲ್ಲಿ ಹಾಯಿಸಿ, ದಾಖಲಿಸಿದ ಗದ್ದಲಕ್ಕೆ ಸೇರಿಸಿ, ಹೆಡ್‌ಫೋನಿನಲ್ಲಿ ಕೇಳಿಸಿದರೆ ಕೇಳುವವರು ಆ ಸೀಟಿನಲ್ಲೇ ಕುಳಿತಂತಾಗುತ್ತದೆ. ವಾಹನದ ಅದುರುವಿಕೆ, ತುಟಿಯ ಚಲನೆಯನ್ನು ನೋಡುವ ಅವಕಾಶ, ತಲೆ ಹೊರಳಿಸುವ ಅಭ್ಯಾಸ ಇದರಲ್ಲಿ ಕಳೆದುಹೋಗುತ್ತವೆ ಎಂಬುದು ನಿಜ. ಆದರೂ ಒಂದೇ ಗದ್ದಲವನ್ನು ನೂರು ಜನರಿಗೆ ಕೇಳಿಸಬಹುದು, ಎರಡು ವಾಹನಗಳನ್ನು ನ್ಯಾಯವಾಗಿ ಹೋಲಿಸಬಹುದು. ಇದಕ್ಕಿಂತ ಹೆಚ್ಚು ನಂಬಬಹುದಾದ ದಾರಿ ಸದ್ಯಕ್ಕೆ ನನಗೆ ಕಾಣುತ್ತಿಲ್ಲ.

ಪರೀಕ್ಷೆಗೆ ಯಾರನ್ನು ಕೂರಿಸುತ್ತೀರಿ ಎಂಬುದು ವಿಧಾನದಷ್ಟೇ ಮುಖ್ಯ. ಶ್ರವಣದೋಷವಿಲ್ಲದ ತರುಣ ತರುಣಿಯರನ್ನೇ ಕೂರಿಸುವುದು ಪ್ರಯೋಗಾಲಯಗಳಿಗೆ ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಶ್ರವಣದೋಷಕ್ಕೆ ಪುನರ್ವಸತಿ ಸೇವೆ ಬೇಕಾದವರು ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು. ವಯಸ್ಸಿನೊಂದಿಗೆ ಬರುವ ಶ್ರವಣನಷ್ಟ ಮೊದಲು ತಟ್ಟುವುದು ಮೇಲಿನ ಕಂಪನಾಂಕಗಳಿಗೆ, ಅಂದರೆ ಗಾಳಿಯ ಸದ್ದು ಈಗಾಗಲೇ ಮುಚ್ಚಿಹಾಕಿದ ವ್ಯಂಜನಗಳ ವಲಯಕ್ಕೇ. ಚಿಕ್ಕ ಮಕ್ಕಳಿಗೂ ದೊಡ್ಡವರಿಗಿಂತ ಶಾಂತವಾದ ಹಿನ್ನೆಲೆ ಬೇಕು, ಏಕೆಂದರೆ ಕೇಳದೆ ಹೋದ ಅಕ್ಷರವನ್ನು ಊಹೆಯಿಂದ ತುಂಬಿಕೊಳ್ಳುವಷ್ಟು ಭಾಷೆ ಅವರಲ್ಲಿನ್ನೂ ಬೆಳೆದಿರುವುದಿಲ್ಲ. ಹಿಂದಿನ ಸೀಟಿನಲ್ಲಿ ಹೆಚ್ಚಾಗಿ ಕುಳಿತುಕೊಳ್ಳುವವರು ಮಕ್ಕಳು ಮತ್ತು ಹಿರಿಯರೇ. ಅವರನ್ನು ಬಿಟ್ಟು ನಡೆಸಿದ ಪರೀಕ್ಷೆಯ ಫಲಿತಾಂಶ ಆ ಸೀಟಿಗೆ ಸಂಬಂಧಪಟ್ಟದ್ದಲ್ಲ.

ಪರೀಕ್ಷೆಯ ಭಾಷೆಯ ಬಗ್ಗೆಯೂ ಒಂದು ಮಾತು. ಈ ವಿಧಾನಗಳು ಬೆಳೆದದ್ದು ಇಂಗ್ಲಿಷ್, ಡಚ್, ಸ್ವೀಡಿಷ್ ವಾಕ್ಯಗಳ ಮೇಲೆ. ಕನ್ನಡದಂಥ ಭಾಷೆಯಲ್ಲಿ ಹುಲಿ ಮತ್ತು ಹುಳಿ, ಕಾಲು ಮತ್ತು ಕಾಳು, ಕಲೆ ಮತ್ತು ಕಳೆ ಬೇರೆಯಾಗುವುದು ನಾಲಿಗೆ ಮಡಚುವ ಒಂದು ಚಲನೆಯಿಂದ, ಮತ್ತು ಆ ಚಲನೆಯ ಪ್ರಮುಖ ಸುಳಿವು ಮಾತಿನ ಮೂರನೆಯ ಅನುರಣನ (ಬಾಯಿ-ಗಂಟಲಿನ ಪೊಳ್ಳು ಎತ್ತಿಹಿಡಿಯುವ ಕಂಪನಾಂಕಗಳಲ್ಲಿ ಕೆಳಗಿನಿಂದ ಮೂರನೆಯದು) ಕೆಳಗಿಳಿಯುವುದರಲ್ಲಿದೆ, ಎಂದರೆ ಸುಮಾರು 2000ದಿಂದ 3000 ಹರ್ಟ್ಸ್ ನಡುವೆ. ಪಟ್ಟಿಗಳಿಗೆ ಕೊಡುವ ತೂಕ ಭಾಷೆಯಿಂದ ಭಾಷೆಗೆ ಬೇರೆಯಾಗಬಹುದು ಎಂಬುದನ್ನು ಮಾನದಂಡಗಳು ಒಪ್ಪಬೇಕು, ಮತ್ತು ವಾಹನ ಯಾವ ಭಾಷೆಯವರ ನಡುವೆ ಓಡುತ್ತದೆಯೋ ಆ ಭಾಷೆಯ ವಾಕ್ಯಗಳಲ್ಲೇ ಪರೀಕ್ಷೆ ನಡೆಯಬೇಕು.

ಅರ್ಧ ವಾಕ್ಯಗಳು ತಿಳಿಯುವ ಬಿಂದು ಹೋಲಿಕೆಗೆ ಒಳ್ಳೆಯದೇ, ಆದರೆ ಯಾರೂ ಆ ಮಟ್ಟದಲ್ಲಿ ಸಂಭಾಷಣೆ ನಡೆಸುವುದಿಲ್ಲ. ಎಲ್ಲ ಪದಗಳೂ ತಿಳಿದಾಗಲೂ ಅವುಗಳನ್ನು ಹಿಡಿಯಲು ಪಟ್ಟ ಶ್ರಮ ಬೇರೆ ಬೇರೆ ಇರಬಹುದು. ದೀರ್ಘ ಪ್ರಯಾಣದಲ್ಲಿ ಶ್ರವಣದೋಷವಿರುವವರು ಮೊದಲ ಅರ್ಧ ಗಂಟೆಯ ನಂತರ ಮಾತು ನಿಲ್ಲಿಸಿ ಕಿಟಕಿಯತ್ತ ತಿರುಗುವುದಕ್ಕೆ ಬಹಳ ಸಲ ಈ ದಣಿವೇ ಕಾರಣ. ಆದ್ದರಿಂದ ಕೇಳುವ ಶ್ರಮವನ್ನು ಕೇಳುಗರಿಂದಲೇ ಅಂಕ ಕೊಡಿಸಿ ದಾಖಲಿಸುವ ಕ್ರಮವನ್ನೂ ಪರೀಕ್ಷೆಗೆ ಸೇರಿಸಬೇಕೆಂದು ಒತ್ತಾಯಿಸುತ್ತೇನೆ.

ಮಾನದಂಡ ಸಮಿತಿಗಳಿಂದ ನಾನು ನಿರೀಕ್ಷಿಸುವುದು ಅಸಾಧ್ಯವಾದುದಲ್ಲ. ಗಂಟೆಗೆ 50, 80 ಮತ್ತು 100 ಕಿಲೋಮೀಟರ್ ವೇಗದಲ್ಲಿ, ನಯವಾದ ಮತ್ತು ಒರಟಾದ ರಸ್ತೆ ಎರಡರಲ್ಲೂ, ಫ್ಯಾನ್ ಮಧ್ಯಮ ಮಟ್ಟದಲ್ಲಿ ತಿರುಗುತ್ತಿರುವಾಗ, ಚಾಲಕರಿಂದ ಪ್ರತಿ ಸೀಟಿಗೂ ಪ್ರತಿ ಸೀಟಿನಿಂದ ಚಾಲಕರಿಗೂ ಮಾತಿನ ಸ್ಪಷ್ಟತೆಯನ್ನು ಲೆಕ್ಕ ಹಾಕಬೇಕು. ಪ್ರಕಟಣೆ ವ್ಯವಸ್ಥೆ ಇರುವ ವಾಹನಗಳಲ್ಲಿ ಅದನ್ನೂ ಓಡುವಾಗಲೇ ಅಳೆಯಬೇಕು. ಕೆಲವು ಮಾದರಿಗಳಲ್ಲಾದರೂ ಆ ಲೆಕ್ಕವನ್ನು ಜನರ ಪರೀಕ್ಷೆಯೊಂದಿಗೆ ತಾಳೆ ನೋಡಬೇಕು. ವಾಹನ ತಯಾರಕರಲ್ಲಿ ನನ್ನ ಕೋರಿಕೆ ಇನ್ನೂ ಚಿಕ್ಕದು. ಕೃತಕ ತಲೆಯ ದಾಖಲೆಗಳು ಮತ್ತು ಸೀಟುಗಳ ನಡುವಿನ ಧ್ವನಿದಾರಿಯ ಅಳತೆಗಳು ನಿಮ್ಮಲ್ಲಿ ಬಹುಮಂದಿಯ ಬಳಿ ಈಗಾಗಲೇ ಇವೆ. ಹೊಸ ಮಾದರಿ ರಸ್ತೆಗಿಳಿದ ದಿನವೇ ಅವುಗಳನ್ನು ಸಾರ್ವಜನಿಕವಾಗಿ ಬಿಡುಗಡೆ ಮಾಡಿದರೆ, ಶ್ರವಣತಜ್ಞರು ತಮ್ಮ ಬಳಿ ಬರುವವರಿಗೆ ತಮ್ಮದೇ ಭಾಷೆಯ ವಾಕ್ಯಗಳನ್ನು ಆ ಸೀಟಿನ ಗದ್ದಲದಲ್ಲಿ ಕೇಳಿಸಿ, ಯಾವ ವಾಹನದ ಯಾವ ಸೀಟು ಅವರಿಗೆ ಹೊಂದುತ್ತದೆ ಎಂದು ಕೊಳ್ಳುವ ಮೊದಲೇ ಹೇಳಬಲ್ಲರು.

ವಿಶ್ವಾಸದೊಂದಿಗೆ,
ಧ್ವನಿ ಅಳೆಯುವ ಕೆಲಸದಲ್ಲಿರುವ ಒಬ್ಬ ಪ್ರಯಾಣಿಕ